ತಾತ ಇಟ್ಟಿದ್ದ ಕೆಂಪು ಚುಕ್ಕೆ

ಸೋಲ್ಡರಿಂಗ್ ಪೇಸ್ಟ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಸಾಕು, ಲ್ಯಾಂಪ್ ರೂಮ್ ತಾತ ನೆನಪಾಗುತ್ತಾರೆ. ಇವತ್ತೂ ಹಾಗೇ ಆಯಿತು. ಕೈಲಿದ್ದ ಕೆಲಸ ಪಕ್ಕಕ್ಕಿಟ್ಟೆ...

ನಂದಿದುರ್ಗ ಚಿನ್ನದ ಗಣಿಗೆ ಇಳಿಯುವವರ ಕೈಗೆ ದೀಪ ಕೊಟ್ಟು, ಮೇಲೆ ಬಂದಾಗ ವಾಪಸು ಪಡೆಯುವುದು ಅವರ ಕೆಲಸವಾಗಿತ್ತು. ಗಣಿ ಮುಚ್ಚಿದ ಮೇಲೆ ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಮಿಕ್ಸಿ, ರೇಡಿಯೊ ರಿಪೇರಿ ಮಾಡುತ್ತಿದ್ದರು. ಆಂಡರ್ಸನ್‌ಪೇಟೆಯ ನನ್ನ ಡ್ಯಾನ್ಸ್ ತಂಡಕ್ಕೆ ಎಲ್‌ಇಡಿ ಬಟ್ಟೆ ಬೇಕಾದಾಗ ಅವರನ್ನೇ ಹಿಡಿದೆ. ಎಂಟು ಹುಡುಗಿಯರ ಸೊಂಟಕ್ಕೆ ಒಂದೊಂದು ರಿಸೀವರ್, ನನ್ನ ಕೈಯಲ್ಲಿ ಒಂದೇ ರಿಮೋಟ್. ಒತ್ತಿದರೆ ಎಂಟೂ ಒಟ್ಟಿಗೆ ಹೊತ್ತಬೇಕು, ಇನ್ನೊಮ್ಮೆ ಒತ್ತಿದರೆ ಒಟ್ಟಿಗೆ ಆರಬೇಕು. ಆ ಕತ್ತಲಲ್ಲಿ ಅವರು ಜಾಗ ಬದಲಿಸಿದರೆ, ಮತ್ತೆ ಬೆಳಕಾದಾಗ ಹಾರಿ ಹೋದಂತೆ ಕಾಣುತ್ತಿತ್ತು.

ಈ ಆರಿಸುವುದೊಂದು ತಾತನಿಗೆ ಹಿಡಿಸಲಿಲ್ಲ. ಗೊಣಗುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಂಗಾರಪೇಟೆಯ ಸ್ಪರ್ಧೆಯಲ್ಲಿ ರಿಮೋಟ್ ಒತ್ತಿದೆ. ಬಟ್ಟೆಯ ದೀಪಗಳೆಲ್ಲ ಆರಿದವು, ಒಬ್ಬೊಬ್ಬಳ ಭುಜದ ಮೇಲೂ ಒಂದು ಕೆಂಪು ಚುಕ್ಕೆ ಮಾತ್ರ ಉರಿಯುತ್ತಲೇ ಇತ್ತು. ನನಗೆ ಹೇಳದೆ ತಾತ ಅದನ್ನು ರಿಮೋಟಿಗೆ ಸಿಗದಂತೆ ನೇರ ಬ್ಯಾಟರಿಗೇ ಜೋಡಿಸಿದ್ದರು. ಹುಡುಗಿಯರು ಕತ್ತಲಲ್ಲಿ ಓಡಾಡುವುದು ಕಂಡು ಸಭೆಯೆಲ್ಲ ನಕ್ಕಿತು. ಸೋತೆವು.

ನನ್ನ ಬಾಯಿ ಮೊದಲಿಂದಲೂ ಜೋರು. ಎಲ್ಲರೆದುರೇ ಬೈದೆ. ತಾತ ವೈರು ಸುತ್ತುತ್ತ, "ಕೆಳಗೆ ಕತ್ತಲಲ್ಲಿರೋರ ದೀಪ ಮೇಲಿರೋರು ಆರಿಸ್ಬಾರ್ದು ಕಣಮ್ಮಾ," ಅಂದರು.

"ಇದು ಗಣಿ ಅಲ್ಲ ತಾತ, ಸ್ಟೇಜು. ನಾಳೆಯಿಂದ ಬರ್ಬೇಡಿ," ಅಂದೆ.

ಬರಲಿಲ್ಲ... ಚುಕ್ಕೆಗಳನ್ನು ನಾನೇ ಕಿತ್ತುಹಾಕಿದೆ. ಮುಂದಿನ ಕಾರ್ಯಕ್ರಮದಲ್ಲಿ ಗವ್ವೆನ್ನುವ ಕತ್ತಲು, ಜನರ ಚಪ್ಪಾಳೆ. ಆ ಚಪ್ಪಾಳೆಯ ನಡುವೆಯೇ ಕೊನೆಯ ಹುಡುಗಿ ಸ್ಟೇಜಿನ ಅಂಚು ಕಾಣದೆ ಕೆಳಗೆ ಬಿದ್ದಳು. ಮಂಡಿ ಮುರಿಯಿತು. ಆಮೇಲೆ ಅವಳು ಕುಣಿಯಲಿಲ್ಲ.

ತಾತನ ಮನೆಗೆ ಹೋಗಿ, ತಪ್ಪು ನನ್ನದೇ ಅನ್ನಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ? ಇವತ್ತು, ನಾಳೆ ಅಂತ ದಿನ ತಳ್ಳಿದೆ. ಕೊನೆಗೆ ಅವರು ಹೋದ ಸುದ್ದಿಯೇ ಬಂತು. ಮಣ್ಣಿಗೂ ನಾನು ಹೋಗಲಿಲ್ಲ.

ಈಗ ನನಗೂ ವಯಸ್ಸಾಗಿದೆ. ಕಣ್ಣು ಸೋಲುತ್ತದೆ, ಸೊಂಟ ಹಿಡಿಯುತ್ತದೆ. ಆದರೂ ಬೇರೆ ತಂಡಗಳಿಂದ ದೀಪ ಜೋಡಿಸಲು ಬಟ್ಟೆ ಬಂದರೆ ಒಂದೊಂದಕ್ಕೂ ಕೆಂಪು ಚುಕ್ಕೆ ಇಟ್ಟೇ ಕಳಿಸುತ್ತೇನೆ. ಭುಜದ ಮೇಲಲ್ಲ, ಮುಂಗೈಯ ಒಳಬದಿಗೆ. ಕುಣಿಯುವವಳಿಗೆ ಕಾಲ ಕೆಳಗಿನ ನೆಲ ಕಾಣುತ್ತದೆ, ನೋಡುವವರಿಗೆ ಏನೂ ಕಾಣುವುದಿಲ್ಲ. ಬೇಕಿದ್ದದ್ದು ಅಷ್ಟೇ. ಅವತ್ತು ನಾನು 'ಚುಕ್ಕೆ ಒಂದು ಮೊಳ ಕೆಳಗಿಳಿಸಿ ತಾತ' ಅಂದಿದ್ದರೆ, ಅಲ್ಲೇ ಕೂತು ಇಳಿಸಿಕೊಡುತ್ತಿದ್ದರು.