ಗಡಿಯ ಸೇತುವೆಯ ಮೇಲೆ ನಡುಗಿದ ನೆಲ

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬುವವನಲ್ಲ. ಕೆ.ಜಿ.ಎಫ್‌ನಲ್ಲಿ ಇಂಥ ಕತೆಗಳಿಗೇನೂ ಬರವಿರಲಿಲ್ಲ. ಪಾಳುಬಿದ್ದ ಒಂದೊಂದು ಗಣಿಬಾವಿಗೂ, ನಮ್ಮವರು ಶಾಫ್ಟ್ ಎನ್ನುವುದಕ್ಕೆ, ಒಂದೊಂದು ದೆವ್ವವಿತ್ತು. ಹೇಳಿದವರನ್ನೆಲ್ಲ ಗೇಲಿ ಮಾಡಿದವನು ನಾನು. ಈಗ ನೀವು ನನ್ನನ್ನು ಗೇಲಿ ಮಾಡಿದರೆ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಕೆ.ಜಿ.ಎಫ್‌ನ ಕೋರಮಂಡಲ್ ಬಡಾವಣೆಯ ನಾವು ನಾಲ್ವರು ಗೆಳೆಯರು ಸೈಕಲ್ಲಿನಲ್ಲಿ ನೇಪಾಳಕ್ಕೆ ಹೊರಟೆವು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅಣ್ಣ. ಅವನಿಗೆ ಚಿನ್ನದ ಗಣಿಯೊಳಗೆ ಕೆಲಸ. "ಊರೂರು ಸುತ್ತಾಕಾ ನಿನ್ನ ಸಾಕಿದ್ದು?" ಎಂದು ಒಮ್ಮೆ ಕೇಳಿದವನು ಆಮೇಲೆ ನನ್ನೊಡನೆ ಮಾತೇ ಬಿಟ್ಟ. ನಾನೂ ಹಟಕ್ಕೆ ಬಿದ್ದು ಹೇಳದೆ ಹೊರಟೆ. ಬಂಗಾರಪೇಟೆ ದಾಟುವಷ್ಟರಲ್ಲೇ ಎರಡು ಸಲ ಹಿಂದಿರುಗಿ ನೋಡಿದ್ದೆ.

ಒಂದು ತಿಂಗಳ ಮೇಲೆ, ಅಮಾವಾಸ್ಯೆಯ ಬೆಳಿಗ್ಗೆ, ಬಿಹಾರದ ರಕ್ಸೌಲ್ ಗಡಿ ತಲುಪಿದೆವು. ದಟ್ಟ ಮಂಜು. ಎತ್ತಿನ ಗಾಡಿಗಳು, ಜನ, ಎಲ್ಲ ನೆಲ ಮುಟ್ಟದೆ ತೇಲಿ ಬರುತ್ತಿದ್ದಂತೆ ಕಾಣುತ್ತಿತ್ತು. ಕಾಲುಗಳು ತಮ್ಮಷ್ಟಕ್ಕೆ ಪೆಡಲ್ ತುಳಿಯುತ್ತಿದ್ದವು, ನಾನು ಅರೆನಿದ್ದೆಯಲ್ಲಿದ್ದೆ. ನಮ್ಮ ಕಡೆಯ ಗೇಟು ದಾಟಿ, ಅವರ ಗೇಟು ಬರುವ ಮೊದಲು ಒಂದು ಸಣ್ಣ ಸೇತುವೆ. ಅದರ ಮೇಲೆ ನೆಲ ನಡುಗಿತು.

ಆ ನಡುಕ ನಮ್ಮೂರಿನವರಿಗೆ ಚೆನ್ನಾಗಿ ಗೊತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತವೆ. ಎಲ್ಲರೂ ಇದ್ದಲ್ಲೇ ನಿಂತು ಕಿವಿಗೊಡುತ್ತಾರೆ. ಕೆಳಗೆ ಜನ ಸಿಕ್ಕಿಕೊಂಡಿದ್ದರೆ ಸೈರನ್ ಕೂಗುತ್ತದೆ.

ನಾಲ್ವರೂ ಒಟ್ಟಿಗೆ ಕಾಲು ಕೆಳಗಿಟ್ಟೆವು. ಸುತ್ತಲಿನ ಯಾರಿಗೂ ಏನೂ ಆದಂತಿರಲಿಲ್ಲ. ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ದಾರಿಗೆ ಅಡ್ಡ ನಿಂತಿರೆಂದು ಬೈದುಕೊಂಡು ಹೋದಳು.

ಮುಂದಾಳು ಸೆಲ್ವಂ ಮೆಲ್ಲಗೆ ಹೇಳಿದ: "ಇರುಡಾ, ಸೈರನ್ ಕೂಗ್ತದಾ ಕೇಳಣ."

ಎಲ್ಲಿಯ ಕೋರಮಂಡಲ್, ಎಲ್ಲಿಯ ನೇಪಾಳ! ಆದರೆ ಒಬ್ಬರೂ ನಗಲಿಲ್ಲ. ಆ ಹೊತ್ತಿಗೆ ಅಣ್ಣ ಬೆಳಗಿನ ಶಿಫ್ಟಿನಲ್ಲಿ ಕೆಳಗಿರಬೇಕು. ಹೇಳಿ ಬರಬೇಕಿತ್ತು, ಕಾಲಿಗೆ ಬಿದ್ದಾದರೂ ಹೇಳಿ ಬರಬೇಕಿತ್ತು ಎಂದುಕೊಂಡೆ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಸೈರನ್ ಕೇಳಲಿಲ್ಲ.

"ಏನಿಲ್ಲ, ನಡೀರಿ," ಎಂದು ಸೆಲ್ವಂ ಬೆಲ್ ಹೊಡೆದ. ನಾವು ಮೂವರೂ ಎಂದಿನಂತೆ ಒಂದೊಂದು ಬೆಲ್ ಹೊಡೆದು ಅವನ ಹಿಂದೆ ಹೊರಟೆವು. ಹಾಗೆ ನಾನು ನೇಪಾಳಕ್ಕೆ ಕಾಲಿಟ್ಟೆ. ಅಲ್ಲಿ ಏನು ನೋಡಿದೆ ಎಂದು ಕೇಳಬೇಡಿ. ಹಿಮದ ಬೆಟ್ಟದೆದುರು ನಿಂತಾಗಲೂ ಅಣ್ಣನ ಮುಖವೇ ಕಣ್ಣಮುಂದೆ.

ಸೈಕಲ್ಲುಗಳನ್ನು ರೈಲಿಗೆ ಹಾಕಿಕೊಂಡು ವಾಪಸಾದೆವು. ಸೆಲ್ವಂ ಮನೆಗೆ ಹಾಕಿದ ಕಾಗದದಿಂದ ದಿನ ತಿಳಿದು ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಅಣ್ಣ ನಿಂತಿದ್ದ. ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅಮಾವಾಸ್ಯೆ ದಿನ ಬಂಡೆ ಸಿಡಿಯಿತೇ ಎಂದು ಕೇಳಿದೆ.

"ಇಲ್ವಲ್ಲ. ಆ ವಾರವೆಲ್ಲ ಏನೂ ಇಲ್ಲ. ಯಾಕ್ಲಾ?"

ನಾನು ಸೇತುವೆಯ ಸಂಗತಿ ಹೇಳಿದೆ. ಸೆಲ್ವಂ ಬೆಲ್ ಹೊಡೆದ ಎಂದಾಗ ಅಣ್ಣ ನಡೆಯುತ್ತಿದ್ದವನು ನಿಂತ. ಅಂದು ಬೆಳಿಗ್ಗೆ ಕೆಳಗೆ, ಕೆಲಸದ ನಡುವೆ ದಣಿವಾರಿಸಿಕೊಳ್ಳುತ್ತಿದ್ದಾಗ, ಅವನಿಗೆ ಸೈಕಲ್ ಬೆಲ್ ಕೇಳಿಸಿತಂತೆ. ಮೊದಲು ಒಂದು, ಹಿಂದೆಯೇ ಮೂರು. ಜನ ಹೋಗದ ಹಳೆಯ ಸುರಂಗದ ಕಡೆಯಿಂದ. ಪಕ್ಕದಲ್ಲಿದ್ದವರಿಗೆ ಏನೂ ಕೇಳಿಸಿರಲಿಲ್ಲ.

ಸೇತುವೆ ಅಲುಗಿದ್ದು ಲಾರಿಗೆ, ಗಣಿಯಲ್ಲಿ ಕೇಳಿದ್ದು ನೀರು ತೊಟ್ಟಿಕ್ಕಿದ್ದು ಎನ್ನುತ್ತಾರೆ ತಿಳಿದವರು. ಬೇರೆಬೇರೆಯಾಗಿ ಎರಡನ್ನೂ ಒಪ್ಪುತ್ತೇನೆ. ಎರಡೂ ಒಂದೇ ಬೆಳಿಗ್ಗೆ ಯಾಕಾದವು ಎಂಬುದೊಂದು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ.

ಆಗ ನೀನೇನು ಮಾಡಿದೆ ಎಂದು ಅಣ್ಣನನ್ನು ಕೇಳಿದ್ದೆ. ಅವನು ನನ್ನ ಮುಖ ನೋಡದೆ ಹೇಳಿದ:

"ನೀನೇ ವಾಪಸ್ ಬಂದ್ಬುಟ್ಟೆ ಅಂದ್ಕೊಂಡೆ ಕಣ್ಲಾ. ದೀಪ ಇಡ್ಕೊಂಡು ಆ ಕತ್ಲಾಗೆ ಬೋ ದೂರ ನಡ್ದೆ. ಇನ್ನೊಂದೀಟು ನಡ್ದಿದ್ರೆ ನೀ ಸಿಗ್ತಿದ್ದೆ ಅನ್ನಿಸ್ತು."