ಮೊದಲ ಮಳೆಗೆ ಬಕೆಟ್ ಬೋರಲು ಹಾಕಿ ಕೂತವರು

ಬಲಗೈಯನ್ನು ನೀರಿಗೆ ಅದ್ದಿ, ಸೀರೆಯ ನಿರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು, ಆ ಒದ್ದೆ ಅಂಗೈಯನ್ನು ಹೊಸ ಶೆಡ್ಡಿನ ನೆಲದಿಂದ ಗೇಣೆತ್ತರದಲ್ಲಿ ಅತ್ತಿತ್ತ ಆಡಿಸುತ್ತಿದ್ದರು ನಮ್ಮ ಡಾಕ್ಟರ್ ಬಾಯಾರು. ಅಂಗೈ ಎಲ್ಲಿ ತಣ್ಣಗಾಯಿತೋ ಅಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಅದೇ ಕೈಯನ್ನು ತಲೆಯ ಮೇಲೆತ್ತುತ್ತಿದ್ದರು. ಕೆಳಗಿನದು ಹಂದಿಗಾಗಿ, ಮೇಲಿನದು ಕುದುರೆಗಾಗಿ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ನಗು ತಮ್ಮಾ, ನಗು. ಹಂದಿ ನಿನ್ನ ಎತ್ತರದಾಗ ಉಸಿರಾಡಂಗಿಲ್ಲ," ಎಂದರು.

ಆಟೋ ನಗರದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು ಮಾಡಿಕೊಂಡು ತೆಪ್ಪಗಿದ್ದವನನ್ನು ಪ್ರಾಣಿಗಳ ಮನೆ ಕಟ್ಟುವ ಕೆಲಸಕ್ಕೆ ಎಳೆದವರು ಇವರೇ. ದನದ ಆಸ್ಪತ್ರೆಯ ನೌಕರಿಯಿಂದ ನಿವೃತ್ತರಾಗಿ ಹಿಂದವಾಡಿಯಲ್ಲಿದ್ದರು. ಇಷ್ಟು ವರ್ಷ ತಾವು ಮದ್ದು ಕೊಟ್ಟ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ಕೆಟ್ಟ ಕೊಟ್ಟಿಗೆಯಿಂದಲೇ ಬಂದದ್ದು ಎನ್ನುವುದು ಅವರ ಕೊರಗು. ನಕ್ಷೆ ಅವರದು, ಕಬ್ಬಿಣದ ಕೆಲಸ ನನ್ನದು.

ಇಷ್ಟು ಹೆದರುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿದದ್ದೇ ತಡ, ನನಗೆ ಫೋನು. "ತಮ್ಮಾ, ಆ ಬಾಗಿಲ ಅಗಳಿ ಕುದುರಿ ತುಟಿಗೆ ಸಿಗತೈತೇನು? ಕುದುರಿ ತುಟಿ ಅಂದ್ರ ಕೈ ಇದ್ದಂಗ." ರೊಟ್ಟಿ ಮುರಿಯುವಷ್ಟರಲ್ಲಿ ಇನ್ನೊಂದು ಫೋನು. "ಮೊಳಿ ತುದಿ ಒಳಗ ಉಳಿದಿಲ್ಲಲ್ಲ?" ನನ್ನ ಹೆಂಡತಿ ಇದನ್ನು ಬಾಯಾರ ಎರಡನೇ ಪೂಜೆ ಎಂದು ಕರೆಯುತ್ತಿದ್ದಳು. ಕೆಲಸ ಚೆನ್ನಾಗಿದೆ ಎಂದು ಯಾರು ಹೊಗಳಿದರೂ ಅವರ ಉತ್ತರ ಒಂದೇ: "ನಾಳೆ ನೋಡೂಣು."

ಅವರದೊಂದು ನೇಮವಿತ್ತು. ಮೊದಲ ಜೋರು ಮಳೆ ಬೀಳುವವರೆಗೆ ಯಾವ ಶೆಡ್ಡೂ ಮುಗಿದಂತಲ್ಲ. ಮಳೆ ಹಿಡಿದ ದಿನ ತಾವೇ ಹೋಗಿ, ಒಳಗೆ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು. ಗಂಟೆಗಟ್ಟಲೆ. ಪ್ರಾಣಿಗಳು ಇವರನ್ನು ನೋಡುವುದು, ಇವರು ನೆಲ ನೋಡುವುದು.

ಖಾನಾಪುರ ದಾಟಿ ಕಣಕುಂಬಿ ಕಡೆ ಹೋಗುವ ರಸ್ತೆಯಲ್ಲಿ ಗಂಡಹೆಂಡತಿ ಇಬ್ಬರಿಗೆ ಶೆಡ್ಡು ಕಟ್ಟಿಕೊಟ್ಟದ್ದು ನಾವಿಬ್ಬರೂ ಸೇರಿ ಮಾಡಿದ ಕೊನೆಯ ಕೆಲಸ. ಗಂಡನದು ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಬಿಳಿ ಕುದುರೆ. ಊರೆಲ್ಲ ಅವನನ್ನು ಮರಾಠಿಯಲ್ಲಿ ಭಾವು, ಅಂದರೆ ಅಣ್ಣ, ಎನ್ನುತ್ತಿತ್ತು. ಹೆಂಡತಿಯದು ಹಂದಿಗಳು. ಆಕೆಯನ್ನು ನಾನು ವೈನಿ, ಅತ್ತಿಗೆ, ಎನ್ನುತ್ತಿದ್ದೆ. ಎರಡಕ್ಕೂ ಒಂದೇ ಚಾವಣಿ ಸಾಕು ಎಂದು ಭಾವು ಹಟ ಹಿಡಿದಿದ್ದ. ಬಾಯಾರು ನಡುವೆ ಜಂಬಿಟ್ಟಿಗೆ ಕಲ್ಲಿನ ಗೋಡೆ ಹಾಕಿಸಿ, ಕುದುರೆಯ ಪಾಲನ್ನು ಎತ್ತರವಾಗಿ, ಗಾಳಿಯಾಡುವಂತೆ ಮಾಡಿಸಿದರು. ಹಂದಿಯ ಪಾಲನ್ನು ತಗ್ಗಾಗಿ, ಬೆಚ್ಚಗೆ.

"ಹೋದ ಮಳಿಗಾಲದಾಗ ಮರಿ ಎಲ್ಲಾ ಹೋದವ್ರೀ ಬಾಯಾರ," ಎಂದಿದ್ದಳು ವೈನಿ. "ಥಂಡಿಗೆ ತಾಯಿ ಮೈಗೆ ಹತ್ತಿ ಮಲಗಿದ್ವು. ತಾಯಿ ಮಗ್ಗಲ ಹೊಳ್ಳಿದ್ದ ತಡ, ಮೈ ಅಡಿಗೆ ಸಿಕ್ಕು ಸತ್ತವು. ಈ ಸಲಾನೂ ಹಂಗ ಆದ್ರ ನಾ ಹಂದಿ ಬಿಟ್ಟಬಿಡತೀನಿ ನೋಡ್ರಿ." ಆ ಜಾಗದಲ್ಲಿ ಇನ್ನೊಂದು ಕುದುರೆ ಕಟ್ಟುವ ಆಸೆ ಭಾವುಗೆ ಇದ್ದೇ ಇತ್ತು.

ಅದಕ್ಕೇ ಬಾಯಾರು ನಡುಗೋಡೆಗೆ ಅಂಟಿದ ಮೂಲೆಯನ್ನು, ಮಳೆಗಾಳಿ ಮುಟ್ಟದ ಜಾಗವನ್ನು, ಹೆರಿಗೆಗೆ ಆರಿಸಿದ್ದರು. ಹಂದಿ ಗೋಡೆಗೆ ಒರಗಿ ಜಾರಿ ಮಲಗುತ್ತದೆ. ಗೋಡೆಯಿಂದ ಗೇಣು ದೂರಕ್ಕೆ, ಮರಿ ನುಸುಳುವಷ್ಟು ಎತ್ತರಕ್ಕೆ ಒಂದು ಪೈಪು ಹಾಕಿದರೆ ತಾಯಿ ಪೈಪಿಗೆ ಒರಗುತ್ತದೆ, ಹಿಂದೆ ಸಿಕ್ಕಿದ ಮರಿ ಬದುಕುತ್ತದೆ. ಆ ಪೈಪನ್ನು ನಾನೇ ಕೂರಿಸಿದ್ದೆ.

ಜೂನಿನಲ್ಲಿ ಜೋರು ಮಳೆ ಹಿಡಿದ ಬೆಳಿಗ್ಗೆ ಫೋನು ಬಂತು. "ತಮ್ಮಾ, ಗಾಡಿ ತಗಿ. ಖಾನಾಪುರ ಕಡೆ ಮಾಡ ಕರ್ರಗಾಗೇತಿ." ಆಗಲೇ ಅವರಿಗೆ ಎದೆನೋವು ಶುರುವಾಗಿತ್ತು, ಓಡಾಟ ಬೇಡವೆಂದು ವೈದ್ಯರು ಹೇಳಿದ್ದರು. ನಾನೂ ಬೇಡವೆಂದೆ. "ಹಂದಿಗೆ ದಿನ ತುಂಬ್ಯಾವ. ನನ್ನ ಎದಿ ಇವತ್ತೊಂದಿನ ತಡಕೊಂತೈತಿ, ಅದು ತಡಕೊಳ್ಳಂಗಿಲ್ಲ," ಎಂದರು. ದಾರಿಯುದ್ದಕ್ಕೂ ಅವರ ಕೈ ಎದೆಯ ಮೇಲೇ ಇತ್ತು. ನಾನು ರಸ್ತೆಗಿಂತ ಹೆಚ್ಚು ಆ ಕೈಯನ್ನೇ ನೋಡುತ್ತಾ ಓಡಿಸಿದೆ.

ಒಳಗೆ ಹೋಗಿ ನೋಡಿದರೆ ಹಂದಿ ಹೆರಿಗೆಯ ಮೂಲೆಯಲ್ಲಿ ಲದ್ದಿ ಹಾಕಿ, ಎದುರು ಗೋಡೆಗೆ ಹೋಗಿ ಮಲಗಿತ್ತು. ಅಲ್ಲಿ ಪೈಪೇ ಇರಲಿಲ್ಲ.

ಬಾಯಾರ ಮುಖ ಬಿಳಿಚಿಕೊಂಡಿತು. ಹಂದಿ ತಾನು ಮಲಗುವ ಜಾಗವನ್ನು ಎಂದೂ ಹೊಲಸು ಮಾಡಿಕೊಳ್ಳುವುದಿಲ್ಲ, ಹಸಿ ಇದ್ದ ಕಡೆಗೇ ಹೋಗಿ ಲದ್ದಿ ಹಾಕುತ್ತದೆ. ಅಂದರೆ ಅವರು ಆರಿಸಿದ ಒಣ ಮೂಲೆ ಹಸಿಯಾಗಿದೆ. ಗೋಡೆ ಮುಟ್ಟಿದರೆ ತೇವ ಒಸರುತ್ತಿತ್ತು. ಚಾವಣಿ ಸೋರಿರಲಿಲ್ಲ, ಹೊರಗಿನ ನೀರೂ ನುಗ್ಗಿರಲಿಲ್ಲ. ಬಾಯಾರು ಗೋಡೆಯ ಆಚೆ ಬದಿಗೆ ಹೋಗಿ ನಿಂತು ಭಾವುನನ್ನು ಕೇಳಿದರು.

"ಕುದುರಿ ಎಲ್ಲಿ ತೊಳಿತೀಯಪಾ?"

"ಈಗ ಒಳಗ ರೀ. ವಾರದಿಂದ ಜಿಟಿಜಿಟಿ ಮಳಿ, ಹೊರಗ ಎಲ್ಲಾ ರಾಡಿ. ಬಿಳಿ ಕುದುರಿ ಕಾಲಿಗೆ ರಾಡಿ ಹತ್ತಿದ್ರ ಮದುವಿ ಮಂದಿ ಸುಮ್ನ ಬಿಡತಾರೇನ್ರಿ? ಆಷಾಢ ಬರೂದ್ರಾಗ ಇನ್ನೂ ಮದುವಿ ಅದಾವ."

ದಿನಾ ಕೊಡಗಟ್ಟಲೆ ಸುರಿದ ನೀರನ್ನು ಜಂಬಿಟ್ಟಿಗೆ ಕಲ್ಲು ಕುಡಿದು ಆಚೆ ಬದಿಗೆ ಬಿಟ್ಟಿತ್ತು. ವೈನಿ ಗಂಡನ ಮೇಲೆ ಹರಿಹಾಯ್ದಳು. ಬಾಯಾರು ತಡೆದರು. "ಅವನ್ನ ಬೈಬ್ಯಾಡವಾ. ಮ್ಯಾಲಿಂದ ಬೀಳೂ ನೀರು ಕೇಳಿದ್ನಿ, ಕೈಲೆ ಹಾಕೂ ನೀರು ಕೇಳಲಿಲ್ಲ. ಮದುವಿ ಕುದುರಿಗೆ ಜಳಕ ಇರ್ತೈತಿ ಅನ್ನೂದು ನನಗ ತಿಳೀಬೇಕಿತ್ತು. ತಪ್ಪು ನಂದು."

ಅಷ್ಟರಲ್ಲಿ ಹಂದಿ ಎದ್ದು ಬಾಯಲ್ಲಿ ಹುಲ್ಲು ಕಚ್ಚಿ ಒಟ್ಟಲು ತೊಡಗಿತ್ತು. ಹೆರಿಗೆ ಇನ್ನು ಕೆಲವೇ ಹೊತ್ತಿನ ಮಾತು. ಪೈಪು ಕತ್ತರಿಸಿ ಹಂದಿ ಮಲಗಿದ್ದ ಎದುರು ಗೋಡೆಗೆ ಹಾಕುತ್ತೇನೆಂದು ನಾನು ಗ್ರೈಂಡರ್ ತರಲು ಹೊರಟೆ.

"ಆ ಸಪ್ಪಳಕ್ಕ ಬೆದರಿದ್ರ ಎಲ್ಲಾ ಮುಗೀತು. ಅದು ಜಾಗಾ ಆರಿಸೇತಿ, ನಾವ ಅದರ ಕಡೆ ಹೋಗೂಣು. ಹಗ್ಗ ಐತೇನು?" ಎಂದರು ಬಾಯಾರು.

ಕುದುರೆಯ ಸಪ್ಪಳವೂ ಬೇಡವೆಂದು ಭಾವು ಮೊದಲು ಅದನ್ನು ತಂದು ಮನೆಯ ಪಡಸಾಲೆಯಲ್ಲಿ ಕಟ್ಟಿದ. ಬೇಲಿಯಿಂದ ದಪ್ಪನೆಯ ಬಿದಿರು ಕಡಿದು ತಂದ, ಕುದುರೆಯ ಉಳಿದ ಹಗ್ಗಗಳನ್ನೆಲ್ಲ ಬಿಚ್ಚಿಕೊಟ್ಟ. ಹಂದಿ ಮತ್ತೆ ಹುಲ್ಲಿಗೆಂದು ಆಚೆ ಸರಿದಾಗ ಬಿದಿರನ್ನು ಗೋಡೆಯುದ್ದಕ್ಕೂ ಚಾಚಿ, ಮುಂದಿನ ಗ್ರಿಲ್ಲಿಗೂ ಹಿಂದಿನ ಗಾಳಿಕಿಂಡಿಯ ಸರಳಿಗೂ ಬಿಗಿದೆವು. ಗಂಟು ಜಾರಿದರೆ ಬಿದಿರೇ ಮರಿಗಳ ಮೇಲೆ ಬೀಳುತ್ತದಲ್ಲ ಎಂಬ ಯೋಚನೆ ಬಂದದ್ದೇ ನಾನು ಎಲ್ಲವನ್ನೂ ಬಿಚ್ಚಿ ಮತ್ತೆ ಬಿಗಿದೆ. ಬಾಯಾರು ಬಕೆಟ್ ಬೋರಲು ಹಾಕಿ ಕೂತರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಮನೆಗೆ ಹೋಗೋಣ ಎಂದರೆ ಕೈಸನ್ನೆಯಲ್ಲೇ ಸುಮ್ಮನಾಗಿಸಿದರು.

ಸಂಜೆಯ ಹೊತ್ತಿಗೆ ಮರಿಗಳು ಬಂದವು. ತಾಯಿ ಒಮ್ಮೆ ಎದ್ದು ನಿಂತು, ಗೋಡೆ ಕಡೆಗೆ ವಾಲಿ, ಧೊಪ್ಪನೆ ಮಲಗಿತು. ಬಿದಿರು ಲಟಲಟ ಅಂದಿತು. ಒಳಗೆಲ್ಲೋ ಒಂದು ಮರಿ ಕಿರುಚಿ ಸುಮ್ಮನಾಯಿತು. ಆಮೇಲೆ ಬಿದಿರಿನ ಹಿಂದಿನಿಂದ ಒಂದು ಗುಲಾಬಿ ಮೂತಿ ನುಸುಳಿ ಹೊರಬಂದು, ನೇರ ಮೊಲೆ ಹುಡುಕಿಕೊಂಡು ಹೋಯಿತು. ವೈನಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಉಳಿದ್ವು ರೀ ಬಾಯಾರ!"

"ನಾಳೆ ನೋಡೂಣು," ಎಂದರು ಬಾಯಾರು. ಆದರೆ ಅವರ ಕಣ್ಣೂ ತುಂಬಿತ್ತು.

ಮರಿಗಳು ಬೆಳೆದವು. ಬಾಯಾರು ಆ ದೀಪಾವಳಿಯ ಹೊತ್ತಿಗೆ ಹೋಗಿಬಿಟ್ಟರು. ಮಣ್ಣು ಮಾಡುವ ದಿನ ಹಿಂದವಾಡಿಯ ಮನೆಯ ಮುಂದೆ ಭಾವು ಮತ್ತು ವೈನಿ ಒಂದು ಬದಿಗೆ ನಿಂತಿದ್ದರು. ವೈನಿ ನನ್ನ ಹತ್ತಿರ ಬಂದು ಕೇಳಿದಳು, "ಇನ್ನ ಮಳಿಯಾಗ ಯಾರು ಬಂದು ಕುಂದರ್ತಾರ್ರಿ?" ಹೆದರುವ ಕೆಲಸವನ್ನೆಲ್ಲ ಇಷ್ಟು ದಿನ ನನ್ನ ಪಾಲಿನದನ್ನೂ ಸೇರಿಸಿ ಅವರೇ ಮಾಡುತ್ತಿದ್ದರು ಎಂದು ನನಗೆ ಹೊಳೆದದ್ದು ಆಗ.

ಈ ವರ್ಷ ಊರ ಹೊರಗೆ ಒಬ್ಬರಿಗೆ ಕುದುರೆ ಲಾಯ ಕಟ್ಟಿಕೊಟ್ಟೆ. ಮೊದಲ ಮಳೆ ಬಿದ್ದ ದಿನ ಹೋಗಿ ಕೂತೆ. ನೆಲ ಒಣಗಿತ್ತು, ಗೋಡೆ ಒಣಗಿತ್ತು, ಆದರೂ ಎದ್ದು ಎದ್ದು ಗೋಡೆ ಮುಟ್ಟಿ ನೋಡುತ್ತಿದ್ದೆ. ಮಾಲೀಕರು ಛತ್ರಿ ಹಿಡಿದು ಬಂದು, ಬಕೆಟ್ಟಿನ ಮೇಲೆ ಒದ್ದೆ ಕೈ ಎತ್ತಿಕೊಂಡು ಕೂತ ನನ್ನನ್ನು ನೋಡಿ ನಕ್ಕರು.

"ಎಲ್ಲಾ ಬರೋಬ್ಬರಿ ಐತಲ್ರೀ, ಇನ್ಯಾಕ ಕುಂತೀರಿ? ಏಳ್ರಿ, ಚಾ ಆರಿ ಹೊಂಟೈತಿ."

"ಆರಲಿ ಬಿಡ್ರಿ," ಎಂದೆ. "ನೀವು ಇಲ್ಲಿ ಒಳಗ ಏನೇನ್ ತೊಳಿತೀರಿ, ಮೊದಲ ಅದನ್ನ ಹೇಳ್ರಿ."