ಎಪ್ಪತ್ತನೇ ವಯಸ್ಸಿನ ಮೊಡವೆಗಳು

ಇವತ್ತು ಬೆಳಿಗ್ಗೆ ಮಗಳು ಕೆನ್ನೆಗೆ ಗಂಧ ಮೆತ್ತಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಗಂಧದ ವಾಸನೆ ಉಳಿದವರಿಗೆ ದೇವರನ್ನು ನೆನಪಿಸುತ್ತದೆ. ನನಗೆ ಬಸವನಗುಡಿಯ ನನ್ನ ಸೋದರಮಾವನ ಮೊಡವೆಗಳನ್ನು.

ನಗಬೇಡಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾವನಿಗೆ ಎಪ್ಪತ್ತು ತುಂಬಿದ ವರ್ಷ ಶ್ವಾಸಕೋಶದ ಕ್ಯಾನ್ಸರ್ ಬಂತು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ನೋಡಲು ಬಂದವರೆಲ್ಲ, ಗುಟ್ಟಾಗಿ ಸೇದುತ್ತಿದ್ದರೇನೋ ಎಂಬ ಮುಖ ಹೊತ್ತು ಕಾಫಿ ಕುಡಿದು ಹೋದರು. ಆಗಷ್ಟೇ ಹೊಸ ಮಾತ್ರೆಯೊಂದು ಬಂದಿತ್ತು. ಇಡೀ ಮೈಯನ್ನು ಜಜ್ಜದೆ, ಕ್ಯಾನ್ಸರ್ ಬೆಳೆಯಲು ಬಳಸುವ ಒಂದೇ ಒಂದು ಸ್ವಿಚ್ಚನ್ನು ಆರಿಸುವ ಮಾತ್ರೆ, ದಿನಕ್ಕೊಂದು. ತಿಂಗಳೊಳಗೆ ಕೆಮ್ಮು ನಿಂತಿತು, ಮಾವ ಗಾಂಧಿಬಜಾರಿಗೆ ನಡೆದುಹೋಗಿ ಅವರೆಕಾಯಿ ಆರಿಸತೊಡಗಿದರು, ಮುಖದ ತುಂಬ ಮೊಡವೆ ಎದ್ದವು. ಅದು ಮಾತ್ರೆಯದೇ ಪ್ರಸಾದ, ಸಾಮಾನ್ಯವಾಗಿ ಒಳ್ಳೆಯ ಲಕ್ಷಣ ಎಂದು ವೈದ್ಯರು ಬಾಯ್ತಪ್ಪಿ ಹೇಳಿಬಿಟ್ಟರು.

ಅಲ್ಲಿಂದ ಮೊಡವೆಗಳಿಗೆ ರಾಜಮರ್ಯಾದೆ. ಮಾವ ದಿನಾ ಸ್ನಾನವಾದ ಮೇಲೆ ಹಾಜರಿ ತೆಗೆದುಕೊಳ್ಳುತ್ತಿದ್ದರು: ಹಣೆ ಹನ್ನೊಂದು, ಮೂಗು ಮೂರು. ಅತ್ತೆ ಗಂಧ ತೇಯ್ದು ತಂದರೆ, "ಅವು ಡ್ಯೂಟಿ ಮೇಲಿವೆ, ಮುಟ್ಟಬೇಡ ಕಣೇ" ಎಂದು ಗದರುತ್ತಿದ್ದರು.

ಒಂಬತ್ತು ತಿಂಗಳು ಕಳೆದ ಮೇಲೆ ಮುಖ ತಿಳಿಯಾಯಿತು. ಮಾವ ಮಧ್ಯಾಹ್ನ ಮಲಗಿದ್ದಾಗ ತಾನು ಕದ್ದು ಹಚ್ಚಿದ ಗಂಧದ ಫಲವೆಂದು ಅತ್ತೆ ಹಿಗ್ಗಿ ಪಾಯಸ ಮಾಡಿದರು. ಮೊಡವೆ ಹೋಗುವುದಕ್ಕೂ ಮಾತ್ರೆ ಸೋಲುವುದಕ್ಕೂ ಅಷ್ಟು ನೇರವಾದ ಸಂಬಂಧವಿಲ್ಲ ಎಂದು ವೈದ್ಯರು ಆಮೇಲೆ ತಿದ್ದಿ ಹೇಳಿದ್ದುಂಟು. ಆದರೆ ಕೆಮ್ಮು ಮರಳಿ ಬಂದಿತ್ತು. ಮಾವ ಪಾಯಸ ಮುಟ್ಟದೆ ನನ್ನನ್ನು ಕಿಟಕಿಯ ಬೆಳಕಿಗೆ ಕರೆದರು.

"ಒಂದಾದ್ರೂ ಉಳಿದಿದೆಯೇನೋ?"

ಕಿವಿಯ ಹತ್ತಿರ ಸೊಳ್ಳೆ ಕಚ್ಚಿದ ಗುರುತೊಂದಿತ್ತು. "ಇದೆ ಮಾವ, ಇಲ್ಲಿ" ಎಂದೆ.

ಬೆರಳಿಟ್ಟು ತಡವಿ ನೋಡಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ವರ್ಷಗಟ್ಟಲೆ ಹಿಡಿದ ಕೈ ಅದು. "ಗ್ರೇಸ್ ಮಾರ್ಕ್ಸ್ ಕೊಡ್ತಿದೀಯ" ಎಂದವರು ಪಾಯಸದ ಬಟ್ಟಲು ಎತ್ತಿಕೊಂಡರು.

ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು. ಮಾತ್ರೆಗೆ ಜಗ್ಗದ ಕೆಲವು ಜೀವಕೋಶಗಳು ಉಳಿದು, ಈಗ ಅವುಗಳ ಸಂತಾನವೇ ಹೆಚ್ಚಿದೆ ಎಂದರು ವೈದ್ಯರು. ಮಾವನಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.

"ದಿನಾ ಒಂದೇ ಪ್ರಶ್ನೆಪತ್ರಿಕೆ ಕೊಟ್ರೆ ಯಾವನಾದ್ರೂ ಒಬ್ಬ ಪಾಸಾಗ್ಲೇಬೇಕಲ್ಲ ಸಾರ್. ಹೊಸ ಪತ್ರಿಕೆ ಯಾವಾಗ?"

ತಯಾರಾಗುತ್ತಿದೆ ಎಂದರು ವೈದ್ಯರು. ಸುಳ್ಳಲ್ಲ. ಅದು ಅಚ್ಚಾಗಿ ಬರುವ ಹೊತ್ತಿಗೆ ಮಾವ ಪರೀಕ್ಷೆಯ ಹಾಲ್ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮಗಳು ಗಂಧ ತೊಳೆದು ಬಂದು ಕೆನ್ನೆ ಒಡ್ಡಿದಳು. "ಇನ್ನೂ ಇದೆಯಾ ಅಪ್ಪಾ?"

ಇತ್ತು, ಕೆಂಪಗೆ, ದಪ್ಪಗೆ. ಈ ಸಲ ಸುಳ್ಳು ಹೇಳಬೇಕಾಗಿರಲಿಲ್ಲ. "ಇದೆ ಕಣಮ್ಮ" ಎಂದೆ. ನನ್ನ ದನಿಯಲ್ಲಿದ್ದ ಸಂತೋಷಕ್ಕೆ ಅವಳು ಈ ಹೊತ್ತಿನವರೆಗೂ ಮಾತು ಬಿಟ್ಟಿದ್ದಾಳೆ.